ಉಸಿರು ಸೋತಾಗ ಮಾಸ್ಕೋ, ಕೊಳವೆಯೋ?

ಚಳಿಗಾಲವು ಕಾಲಿಟ್ಟಿತೆಂದರೆ ಕಲಕತ್ತೆಯ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಏದುಸಿರು ಬಿಡುತ್ತ ಬರುವವರ ಸಂಖ್ಯೆ ಏರುವುದು ವಾಡಿಕೆ. ಅವರಲ್ಲಿ ನಮ್ಮ ಹೋಟೆಲು ಬಾಂಧವರೂ ಇರುತ್ತಾರೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ವೈದ್ಯರು ಹೊರಗೆ ಬಂದು, "ರೋಗಿಯ ಕಡೆಯವರು ಯಾರು? ವೆಂಟಿಲೇಟರಿಗೆ ಒಪ್ಪಿಗೆಯುಂಟೇ?" ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ನಿಂತಿರುವವರು ಯಾರು? ಹೆಂಡತಿ ಮಕ್ಕಳು ಸುಮಾರು 2,000 ಕಿಲೋಮೀಟರಿನಾಚೆ ಕುಂದಾಪುರದಲ್ಲಿಯೋ ಬೈಂದೂರಿನಲ್ಲಿಯೋ ಇರುತ್ತಾರೆ. ಬಾಗಿಲಲ್ಲಿ ನಿಂತಿರುವವನು ಜೊತೆಗೆ ದುಡಿಯುವ ಮಾಣಿ, ಅಥವಾ ಒಂದೇ ಮೆಸ್ಸಿನಲ್ಲಿ ಉಣ್ಣುವ ಗುಮಾಸ್ತ. ಅವನ ಬಾಯಿಂದ ಬರುವ ಒಂದು ಮಾತಿನ ಮೇಲೆ ಒಂದು ಜೀವವು ತೂಗುತ್ತಿರುತ್ತದೆ.

ಈ ಪ್ರಶ್ನೆಗೆ ನಮ್ಮವರಲ್ಲಿ ಎರಡು ಸಿದ್ಧ ಉತ್ತರಗಳು ರೂಢಿಯಾಗಿವೆ. "ವೆಂಟಿಲೇಟರು ಹಾಕಿದರೆಂದರೆ ಮುಗಿಯಿತು, ಬೇಡವೇ ಬೇಡ" ಎಂಬುದು ಒಂದು. "ದುಡ್ಡಿನ ಮುಖ ನೋಡಬೇಡಿ, ಇರುವುದರಲ್ಲಿ ದೊಡ್ಡ ಯಂತ್ರವನ್ನೇ ಹಾಕಿ" ಎಂಬುದು ಇನ್ನೊಂದು. ಮೊದಲನೆಯದು ಭಯದ ಮಾತು, ಎರಡನೆಯದು ಯಂತ್ರಭಕ್ತಿಯ ಮಾತು, ಎರಡರಲ್ಲಿಯೂ ವಿಚಾರವಿಲ್ಲ. ಸೋತ ಉಸಿರಿಗೆ ಯಂತ್ರದ ನೆರವು ನೀಡುವ ಕ್ರಮಗಳು ಮುಖ್ಯವಾಗಿ ಎರಡು. ಮೂಗು ಬಾಯಿಗಳ ಮೇಲೆ ಮಾಸ್ಕನ್ನು ಬಿಗಿಯಾಗಿ ಕಟ್ಟಿ ಒತ್ತಡದಿಂದ ಗಾಳಿ ಕೊಡುವುದು ಒಂದು. ಬಾಯಿಯ ಮೂಲಕ ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸುವುದು ಇನ್ನೊಂದು. ಯಾವ ರೋಗಕ್ಕೆ ಯಾವುದು ಹಿತ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಯಾವಾಗ ಹೋಗಬೇಕು ಎಂಬುದನ್ನು ಜನಸಾಮಾನ್ಯರೂ ತಕ್ಕಮಟ್ಟಿಗೆ ಅರಿತಿರಬೇಕೆಂಬುದು ನಮ್ಮ ಅಭಿಪ್ರಾಯ.

ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಹೋಟೆಲಿನ ಗಲ್ಲಾದ ಹಿಂದೆ ಕುಳಿತು ಬದುಕು ಕಂಡ ನಮಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಚಿಕಿತ್ಸೆಯ ನಿರ್ಣಯವು ವೈದ್ಯರದೇ. ಅದರಲ್ಲಿ ಕೈಹಾಕುವ ಹುಂಬತನ ನಮಗಿಲ್ಲ. ಆದರೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವವರು ವೈದ್ಯರಲ್ಲ, ನಾವು ನೀವು. ಅರ್ಥವಾಗದ ಕಾಗದಕ್ಕೆ ಹೆದರಿ ಹಾಕುವ ಸಹಿಗಿಂತಲೂ, ಹೆದರಿ ಹಾಕದೆ ಉಳಿಯುವ ಸಹಿಗಿಂತಲೂ, ತಿಳಿದು ಹಾಕುವ ಸಹಿ ಮೇಲು. ಲೇಕ್ ಗಾರ್ಡನ್ಸಿನ ನಮ್ಮ ಕಚೇರಿಗೆ ಬಂದು "ಏನು ಮಾಡೋಣ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅವರಿಗೆ ಬಿಡಿಬಿಡಿಯಾಗಿ ಹೇಳಿದುದನ್ನು ಇಂದು ಎಲ್ಲರಿಗೂ ಒಟ್ಟಾಗಿ ಹೇಳುತ್ತಿದ್ದೇವೆ.

ಈ ವಿಷಯವು ನಮ್ಮ ವೃತ್ತಿಗೆ ವಿಶೇಷವಾಗಿ ಸಂಬಂಧಿಸಿದುದು. ಗ್ಯಾಸಿನ ಒಲೆ ಬಂದ ಮೇಲೆ ಹೊಗೆ ಕಡಮೆಯಾಯಿತೆಂಬುದು ನಿಜ. ಆದರೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ದೋಸೆಯ ಕಾವಲಿಯ ಮುಂದೆ ನಿಲ್ಲುವವನು, ಒಗ್ಗರಣೆಯ ಘಾಟನ್ನೂ ಕಾದ ಎಣ್ಣೆಯ ಹೊಗೆಯನ್ನೂ ಕುಡಿಯುವವನು ನಮ್ಮವನೇ. ಈಗ ಐವತ್ತು ಅರವತ್ತು ದಾಟಿದ ಅಡಿಗೆಯವರಲ್ಲಿ ಅನೇಕರು ತಾರುಣ್ಯವನ್ನೆಲ್ಲ ಕಲ್ಲಿದ್ದಲಿನ ಮತ್ತು ಸೌದೆಯ ಒಲೆಯ ಮುಂದೆ ಕಳೆದವರು. ಅದರ ಮೇಲೆ ಬೀಡಿ. ಅದರ ಮೇಲೆ ಈ ಮಹಾನಗರದ ಡಿಸೆಂಬರ್ ಜನವರಿಯ ಗಾಳಿ. ಹೀಗೆ ವರ್ಷಾನುಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದಂತಾಗುವ ರೋಗವನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ಇದು ಸಿಗರೇಟು ಸೇದುವವರಿಗೆ ಮಾತ್ರ ಬರುವ ರೋಗವೆಂದು ಹಿಂದೆ ಭಾವಿಸಲಾಗಿತ್ತು. 2009ರಲ್ಲಿ ಪುಣೆಯ ಡಾ. ಸಂದೀಪ್ ಸಾಳ್ವಿಯವರೂ ಲಂಡನ್ನಿನ ಪ್ರೊ. ಪೀಟರ್ ಬಾರ್ನ್ಸರೂ ಕೂಡಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನವು, ಎಂದೂ ಧೂಮಪಾನ ಮಾಡದವರಿಗೂ ಒಲೆಯ ಹೊಗೆಯಿಂದ ಇದು ಬರುವುದೆಂಬುದರತ್ತ ಲೋಕದ ಗಮನ ಸೆಳೆಯಿತು. ಬೀಡಿ ಮುಟ್ಟದ ಭಟ್ಟರಿಗೂ ಉಬ್ಬಸ ಬರುವುದೇಕೆಂದು ಅಚ್ಚರಿಪಡುವವರಿಗೆ ಇದೇ ಉತ್ತರ.

ಉಸಿರು ಸೋಲುವುದೆಂದರೇನು? ಅಡಿಗೆಮನೆಯ ಉಪಮೆಯಿಂದಲೇ ಹೇಳುವುದಾದರೆ, ಒಲೆ ಸರಿಯಾಗಿ ಉರಿಯಬೇಕಾದರೆ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಶ್ವಾಸಕೋಶದ ಕೆಲಸವೂ ಇವೆರಡೇ: ಆಮ್ಲಜನಕವನ್ನು ರಕ್ತಕ್ಕೆ ಕೊಡುವುದು, ಇಂಗಾಲಾಮ್ಲವನ್ನು ಹೊರಹಾಕುವುದು. ನ್ಯುಮೋನಿಯಾದಂತಹ ರೋಗದಲ್ಲಿ ಶ್ವಾಸಕೋಶದ ಸೂಕ್ಷ್ಮಕೋಶಗಳಲ್ಲಿ ಕೀವು ನೀರು ತುಂಬಿ ಆಮ್ಲಜನಕ ಒಳಗೆ ಇಳಿಯುವುದಿಲ್ಲ. ಸಿ.ಓ.ಪಿ.ಡಿ. ಕೆರಳಿದಾಗ ಮುಖ್ಯ ತೊಡಕು ಬೇರೆ. ಉಸಿರಾಟದ ಸ್ನಾಯುಗಳು ಬಳಲಿ, ಹೊಗೆಗೂಡು ಕಟ್ಟಿದ ಅಡಿಗೆಮನೆಯಂತೆ, ಇಂಗಾಲಾಮ್ಲವು ಒಳಗೇ ಉಳಿಯುತ್ತದೆ. ರಕ್ತ ಆಮ್ಲೀಯವಾಗುತ್ತದೆ, ರೋಗಿಗೆ ಮಂಪರು ಕವಿಯುತ್ತದೆ. ರಾತ್ರಿಯೆಲ್ಲ ಏದುಸಿರುಬಿಟ್ಟು ಒದ್ದಾಡಿದವನು ಬೆಳಗಿನ ಜಾವ ಸುಮ್ಮನಾದರೆ, "ಪಾಪ, ಈಗ ನಿದ್ರೆ ಹತ್ತಿತು" ಎಂದು ಜೊತೆಯವರು ದೀಪ ಆರಿಸಿಬಿಡುತ್ತಾರೆ. ಅದು ನಿದ್ರೆಯಾಗಿರದೆ ಇಂಗಾಲಾಮ್ಲದ ಅಮಲಾಗಿರಬಹುದು. ಏದುಸಿರಿನವನು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತೊದಲಿದರೆ, ಬೆಳಗಾಗಲೆಂದು ಕಾಯಬಾರದು; ಆ ಕ್ಷಣವೇ ಆಸ್ಪತ್ರೆಗೆ ಸಾಗಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಆಮ್ಲಜನಕವನ್ನಷ್ಟೇ ಅಳೆಯುತ್ತದೆಂಬುದನ್ನೂ, ಇಂಗಾಲಾಮ್ಲದ ಸುದ್ದಿಯನ್ನು ಅದು ಹೇಳಲಾರದೆಂಬುದನ್ನೂ ಮರೆಯಬಾರದು. ಅದಕ್ಕೆ ಧಮನಿಯ ರಕ್ತದ ಅನಿಲ ಪರೀಕ್ಷೆಯೇ ಆಗಬೇಕು. ಆಸ್ಪತ್ರೆಯಲ್ಲಿ ಇದನ್ನು ಏ.ಬಿ.ಜಿ. ಎನ್ನುತ್ತಾರೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಕೋವಿಡಿನ ದಿನಗಳ ನಂತರ ಬಾಡಿಗೆಗೆ ಆಮ್ಲಜನಕದ ಸಿಲಿಂಡರು ತಂದು ಮೆಸ್ಸಿನ ಮೂಲೆಯಲ್ಲಿಡುವ ಅಭ್ಯಾಸ ಕೆಲವೆಡೆ ಉಳಿದಿದೆ. ದಮ್ಮು ಹತ್ತಿದವನಿಗೆ ಅದರ ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟರೆ ಉಪಕಾರವಾಯಿತೆಂದು ನಂಬುವವರಿದ್ದಾರೆ. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಸಾಗಿಸಲ್ಪಟ್ಟ 405 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಧಾರಾಳವಾಗಿ ಆಮ್ಲಜನಕ ಕೊಟ್ಟ ಗುಂಪಿನಲ್ಲಿ ನೂರಕ್ಕೆ 9 ಮಂದಿಯೂ, 88ರಿಂದ 92ರ ಮಟ್ಟಕ್ಕೆ ಅಳೆದು ಕೊಟ್ಟ ಗುಂಪಿನಲ್ಲಿ ನೂರಕ್ಕೆ 4 ಮಂದಿಯೂ ಮೃತಪಟ್ಟರು. ಹಳೆಯ ಸಿ.ಓ.ಪಿ.ಡಿ. ರೋಗಿಗೆ ಅತಿಯಾದ ಆಮ್ಲಜನಕವೂ ಅಪಾಯವೆಂದು ಇದರಿಂದ ಸಿದ್ಧವಾಯಿತು. ಅಳತೆಯಿಲ್ಲದ ಉಪ್ಪು ಸಾರನ್ನು ಕೆಡಿಸಿದಂತೆ ಅಳತೆಯಿಲ್ಲದ ಆಮ್ಲಜನಕವೂ ಕೆಡುಕು ಮಾಡಬಲ್ಲುದು.

ಇನ್ನು ಯಂತ್ರಗಳ ಕಥೆ. 1928ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಪ್ ಡ್ರಿಂಕರ್ ಮೊದಲಾದವರು ನಿರ್ಮಿಸಿದ 'ಕಬ್ಬಿಣದ ಶ್ವಾಸಕೋಶ'ವು ಈ ಸಾಲಿನಲ್ಲಿ ಹೆಸರಾದುದು. ರೋಗಿಯ ತಲೆಯನ್ನು ಮಾತ್ರ ಹೊರಗಿಟ್ಟು ದೇಹವನ್ನು ಒಂದು ದೊಡ್ಡ ಪೀಪಾಯಿಯಲ್ಲಿ ಮಲಗಿಸಿ, ಒಳಗಿನ ಒತ್ತಡವನ್ನು ತಗ್ಗಿಸಿ ಎದೆಯನ್ನು ಹಿಗ್ಗಿಸುತ್ತಿದ್ದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಮಾರಿ ಹಬ್ಬಿದಾಗ ಅಲ್ಲಿಯ ಬ್ಲೆಗ್ಡಮ್ ಆಸ್ಪತ್ರೆಯಲ್ಲಿ ಇಂತಹ ಪೀಪಾಯಿ ಇದ್ದುದು ಒಂದೇ; ಜೊತೆಗೆ ಎದೆಗೆ ಕಟ್ಟುವ ಆರು ಚಿಕ್ಕ ಯಂತ್ರಗಳು. ಉಸಿರಾಟದ ಸ್ನಾಯುಗಳು ಕೆಟ್ಟ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಡುವ ಕ್ರಮವನ್ನು ಆರಂಭಿಸಿದರು. ಸುಮಾರು 1,500 ಮಂದಿ ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ಬಳಿ ಕುಳಿತು ಹಗಲಿರುಳು ಚೀಲ ಹಿಸುಕಿದರು; ಸಾವಿನ ಪ್ರಮಾಣವು ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ತೀವ್ರನಿಗಾ ವಿಭಾಗಗಳ ಬೀಜ ಅಲ್ಲಿದೆ. ವಿದ್ಯುತ್ ಯಂತ್ರವು ಇಂದು ಮಾಡುವ ಕೆಲಸವನ್ನು ಅಂದು ಮನುಷ್ಯರು ಕೈಯಿಂದ ಮಾಡಿದರು. ಕೊಳವೆಯೆಂದರೆ ಸಾವಿನ ಬಾಗಿಲೆಂದು ಹೇಳುವವರು ಈ ಚರಿತ್ರೆಯನ್ನು ನೆನೆಯಬೇಕು. ಅದು ಹುಟ್ಟಿದ್ದೇ ಸಾಯುವವರನ್ನು ಉಳಿಸಲು.

ಆದರೆ ಕೊಳವೆಗೆ ತನ್ನದೇ ಬೆಲೆಯುಂಟು. ಅದು ಗಂಟಲಲ್ಲಿರುವಾಗ ರೋಗಿ ಮಾತನಾಡಲಾರ, ನುಂಗಲಾರ; ಸಾಮಾನ್ಯವಾಗಿ ಮಂಪರಿನ ಔಷಧ ಕೊಟ್ಟು ಮಲಗಿಸಬೇಕಾಗುತ್ತದೆ. ಶ್ವಾಸನಾಳದ ಸಹಜ ಕಾವಲು ತಪ್ಪುವುದರಿಂದ ರೋಗಾಣುಗಳು ಒಳಗಿಳಿದು, ಮೊದಲಿಲ್ಲದ ಹೊಸ ನ್ಯುಮೋನಿಯಾ ಹತ್ತಿಕೊಳ್ಳುವ ಭಯವಿದೆ. ಈ ಕಾರಣದಿಂದಲೇ ಕೊಳವೆಯಿಲ್ಲದೆ ಗಾಳಿ ಕೊಡುವ ದಾರಿಯನ್ನು ವೈದ್ಯರು ಮತ್ತೆ ಹುಡುಕಿದರು. 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ನರು ನಿದ್ರೆಯಲ್ಲಿ ಉಸಿರುಕಟ್ಟುವವರಿಗೆ ಮೂಗಿನ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಯಶಸ್ಸು ಕಂಡರು. ಅನಂತರ ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಮೆ ಒತ್ತಡ ಕೊಡುವ ಯಂತ್ರಗಳು ರೂಢಿಗೆ ಬಂದವು. ನಮ್ಮ ಜನರ ಬಾಯಲ್ಲಿ ಈಗ 'ಬೈಪ್ಯಾಪ್' ಎಂದು ಓಡಾಡುವುದು ಇದೇ. ಮಾಸ್ಕು ಕಟ್ಟಿದವನು ನಡುನಡುವೆ ಅದನ್ನು ತೆಗೆಸಿ ನಾಲ್ಕು ಗುಟುಕು ಗಂಜಿ ಕುಡಿಯಬಲ್ಲ, ಕೆಮ್ಮಿ ಕಫ ತೆಗೆಯಬಲ್ಲ, ಊರಿನಿಂದ ಬಂದ ದೂರವಾಣಿಗೆ "ಇದ್ದೇನೆ" ಎಂದು ಉತ್ತರ ಹೇಳಬಲ್ಲ.

ಇವೆರಡರಲ್ಲಿ ಯಾವುದು ಮೇಲೆಂಬುದು ಬಾಯಿಮಾತಿನ ತರ್ಕದಿಂದ ತೀರುವ ವಿಷಯವಲ್ಲ. ಅದನ್ನು ಪರೀಕ್ಷಿಸಿ ನೋಡಲಾಗಿದೆ. 1995ರಲ್ಲಿ ಫ್ರಾನ್ಸಿನ ಡಾ. ಬ್ರೊಷಾರ್ ಮತ್ತು ಸಂಗಡಿಗರು ಸಿ.ಓ.ಪಿ.ಡಿ. ಕೆರಳಿದ 85 ರೋಗಿಗಳನ್ನು ಎರಡು ಪಾಲು ಮಾಡಿದರು. ಔಷಧ ಆಮ್ಲಜನಕಗಳಷ್ಟನ್ನೇ ಪಡೆದವರಲ್ಲಿ ನೂರಕ್ಕೆ 74 ಮಂದಿಗೆ ಕೊನೆಗೆ ಕೊಳವೆ ಹಾಕಬೇಕಾಯಿತು. ಮೊದಲೇ ಮಾಸ್ಕು ಪಡೆದವರಲ್ಲಿ 26 ಮಂದಿಗೆ ಮಾತ್ರ. ಸಾವು 29ರಿಂದ 9ಕ್ಕೆ ಇಳಿಯಿತು. 2000ದಲ್ಲಿ ಇಂಗ್ಲೆಂಡಿನವರು 14 ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ 236 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದಾಗಲೂ ಸಾವು ನೂರಕ್ಕೆ 20ರಿಂದ 10ಕ್ಕೆ ಇಳಿಯಿತು. ತೀವ್ರನಿಗಾ ವಿಭಾಗದ ಹೊರಗೆ, ತರಬೇತಾದ ದಾದಿಯರ ಕೈಯಲ್ಲಿ, ಸಾಮಾನ್ಯ ವಾರ್ಡಿನಲ್ಲಿಯೂ ಇದು ಸಾಧ್ಯವೆಂಬುದು ಬಡವರಿಗೆ ಸಣ್ಣ ಸಂಗತಿಯಲ್ಲ. ಒಲೆಯ ಮುಂದೆ ಬಾಳು ಸವೆಸಿದ ನಮ್ಮವರಿಗೆ ಬರುವ ರೋಗವೂ ಮಾಸ್ಕು ಅತ್ಯಂತ ಚೆನ್ನಾಗಿ ಫಲಿಸುವ ರೋಗವೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಕೊಳವೆ ಹಾಕಲೇಬೇಕಾದ ಹಂತಕ್ಕೆ ಬಂದವರಲ್ಲಿ ಎರಡನ್ನೂ ನೇರವಾಗಿ ಹೋಲಿಸಿದವರು ರೋಮ್ ನಗರದ ಡಾ. ಆಂಟೊನೆಲ್ಲಿ ಮತ್ತು ಸಂಗಡಿಗರು. 1998ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಸಿ.ಓ.ಪಿ.ಡಿ. ಇಲ್ಲದ, ಆಮ್ಲಜನಕ ಕುಸಿದ 64 ರೋಗಿಗಳಿದ್ದರು. 32 ಮಂದಿಗೆ ಮಾಸ್ಕು, 32 ಮಂದಿಗೆ ಕೊಳವೆ. ರಕ್ತದ ಆಮ್ಲಜನಕವನ್ನು ಏರಿಸುವುದರಲ್ಲಿ ಮಾಸ್ಕು ಕೊಳವೆಗೆ ಹಿಂದುಳಿಯಲಿಲ್ಲ. ಗಂಭೀರ ತೊಡಕುಗಳು ಕೊಳವೆಯವರಲ್ಲಿ ನೂರಕ್ಕೆ 66, ಮಾಸ್ಕಿನವರಲ್ಲಿ 38. ಕೊಳವೆಯಿಂದ ಉಂಟಾಗುವ ನ್ಯುಮೋನಿಯಾ, ಸೈನಸ್ ಸೋಂಕುಗಳು ಅವರಲ್ಲಿ 31, ಇವರಲ್ಲಿ ಕೇವಲ 3. ಸತ್ತವರು ಕೊಳವೆಯ ಪಾಲಿನಲ್ಲಿ 15, ಮಾಸ್ಕಿನ ಪಾಲಿನಲ್ಲಿ 9. ಆದರೆ ಇಷ್ಟು ಕಡಮೆ ಜನರಲ್ಲಿ ಈ ವ್ಯತ್ಯಾಸವು ಆಕಸ್ಮಿಕವಾಗಿಯೂ ಬಂದಿರಬಹುದೆಂದು ಲೆಕ್ಕಶಾಸ್ತ್ರವು ಹೇಳಿತು. ಮಾಸ್ಕು ಹಾಕಿದ 32 ಮಂದಿಯಲ್ಲಿ 10 ಮಂದಿಗೆ ಅದು ಸಾಲದೆ ಅನಂತರ ಕೊಳವೆಯನ್ನೇ ಹಾಕಬೇಕಾಯಿತೆಂಬುದೂ ಅದೇ ವರದಿಯಲ್ಲಿದೆ.

ಆ ಹತ್ತು ಮಂದಿಯ ಸಂಗತಿಯೇ ಈ ಲೇಖನದ ಮರ್ಮಸ್ಥಾನ. ಮಾಸ್ಕು ಸೋತಾಗ ಏನು ಮಾಡಬೇಕು? 2004ರಲ್ಲಿ ಡಾ. ಎಸ್ತೆಬಾನ್ ಮತ್ತು ಸಂಗಡಿಗರು ಎಂಟು ದೇಶಗಳ 221 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇವರು ಕೊಳವೆ ತೆಗೆದ ಮೇಲೆ ಮತ್ತೆ ಉಸಿರು ಸೋತವರು. ಇವರಲ್ಲಿ ಮಾಸ್ಕು ಕಟ್ಟಿದವರ ಸಾವು ನೂರಕ್ಕೆ 25, ಕಟ್ಟದವರದು 14. ಹೀಗಾದುದೇಕೆ? ಮತ್ತೆ ಕೊಳವೆ ಹಾಕಬೇಕಾದವರಿಗೆ ಅದನ್ನು ಹಾಕಲು ಮಾಸ್ಕಿಲ್ಲದವರಲ್ಲಿ ಸರಾಸರಿ ಎರಡೂವರೆ ಗಂಟೆ ಹಿಡಿದರೆ, ಮಾಸ್ಕಿನವರಲ್ಲಿ 12 ಗಂಟೆ ಹಿಡಿಯಿತು. ಮಾಸ್ಕು ಇದೆಯೆಂಬ ಭರವಸೆಯಲ್ಲಿ ಹೊತ್ತು ಕಳೆಯಿತು. 2015ರಲ್ಲಿ ಫ್ರಾನ್ಸ್ ಬೆಲ್ಜಿಯಂಗಳ 310 ರೋಗಿಗಳ ಪರೀಕ್ಷೆಯೂ ಎಚ್ಚರಿಕೆ ನೀಡಿತು. ಮುಖ್ಯವಾಗಿ ನ್ಯುಮೋನಿಯಾದಿಂದ ಆಮ್ಲಜನಕ ಕುಸಿದ ಇವರಲ್ಲಿ 90 ದಿನಗಳೊಳಗಿನ ಸಾವು ಮಾಸ್ಕಿನ ಯಂತ್ರದವರಲ್ಲಿ ನೂರಕ್ಕೆ 28, ಮೂಗಿನ ನಳಿಗೆಯಿಂದ ರಭಸದ ಬೆಚ್ಚನೆಯ ಆಮ್ಲಜನಕ ಪಡೆದವರಲ್ಲಿ 12. ಕೋವಿಡ್ ರೋಗಿಗಳಲ್ಲಿ ಮತ್ತೆ ಬೇರೆ: 2022ರಲ್ಲಿ ಬಂದ ಬ್ರಿಟಿಷ್ ಪರೀಕ್ಷೆಯಲ್ಲಿ ಮಾಸ್ಕಿನ ಸತತ ಒತ್ತಡದಿಂದ ಕೊಳವೆ ಅಥವಾ ಸಾವಿಗೆ ಈಡಾಗುವವರು ನೂರಕ್ಕೆ 44ರಿಂದ 36ಕ್ಕೆ ಇಳಿದರು.

ಇವೆಲ್ಲದರಿಂದ ತಿಳಿಯುವುದಿಷ್ಟು. ಸಿ.ಓ.ಪಿ.ಡಿ. ಕೆರಳಿ ಇಂಗಾಲಾಮ್ಲ ಏರಿದವನಿಗೆ ಮಾಸ್ಕು ಮೊದಲ ಆಯುಧ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ಬಂದವನಿಗೂ ಅದು ಬೇಗ ಉಪಶಮನ ಕೊಡುತ್ತದೆ. ನ್ಯುಮೋನಿಯಾದಲ್ಲಿ ಅದನ್ನು ಬಹು ಎಚ್ಚರದಿಂದ ಬಳಸಬೇಕು. ಪ್ರಜ್ಞೆ ತಪ್ಪಿ ಗಂಟಲನ್ನು ಕಾಯ್ದುಕೊಳ್ಳಲಾರದವನಿಗೆ, ಎಡೆಬಿಡದೆ ವಾಂತಿ ಮಾಡುವವನಿಗೆ, ಮುಖಕ್ಕೆ ಪೆಟ್ಟಾದವನಿಗೆ, ಉಸಿರೇ ನಿಂತವನಿಗೆ ಮಾಸ್ಕು ತಕ್ಕುದಲ್ಲ. ಅಲ್ಲಿ ಕೊಳವೆಯೇ ಗತಿ. ಮಾಸ್ಕು ಹಾಕಿದರೂ ಒಂದೆರಡು ಗಂಟೆಯೊಳಗೆ ರಕ್ತಪರೀಕ್ಷೆ ಮಾಡಿ ಫಲ ನೋಡಬೇಕು. ಸುಧಾರಣೆ ಕಾಣದಿದ್ದರೆ ಕೊಳವೆಗೆ ತಡಮಾಡಬಾರದು. ತಕ್ಕವನಿಗೆ ಮಾಸ್ಕು ಮೊದಲು. ಸೋತಾಗ ಕೊಳವೆಗೆ ವಿಳಂಬವಿಲ್ಲ. ಇದಿಷ್ಟೇ ನಮ್ಮ ವಾದ.

ವಿಳಂಬವೆಂಬುದು ಆಸ್ಪತ್ರೆಯ ಒಳಗೆ ಮಾತ್ರ ಆಗುವುದಲ್ಲ. ನಮಗೆ ಪರಿಚಿತರಾಗಿದ್ದ ಅಡಿಗೆಯವರೊಬ್ಬರನ್ನು ಕೆಲವು ವರ್ಷಗಳ ಹಿಂದೆ ದಕ್ಷಿಣ ಕಲಕತ್ತೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಲಾಯಿತು. ಸಂಜೆ ಮಾಸ್ಕು ಕಟ್ಟಿದರು. ರಾತ್ರಿ ಹತ್ತರ ವೇಳೆಗೆ ಅದು ಸಾಲದೆಂದು ತಿಳಿದು ಕೊಳವೆಗೆ ಒಪ್ಪಿಗೆ ಕೇಳಿದರು. ಜೊತೆಗಿದ್ದ ಮಾಣಿಗೆ ಬಂಗಾಳಿ ಅಷ್ಟಾಗಿ ಬಾರದು, ಕಾಗದ ಇಂಗ್ಲಿಷಿನಲ್ಲಿತ್ತು. ಅವನು ಊರಿಗೆ ದೂರವಾಣಿ ಮಾಡಿದ. ಅಣ್ಣನು ಭಾವನನ್ನು ಕೇಳಬೇಕೆಂದನು. ಭಾವನು "ಅದನ್ನು ಹಾಕಿದರೆ ಮರಳಿ ಬರುವುದಿಲ್ಲವಂತೆ, ಬೆಳಗಾಗಲಿ" ಎಂದನು. ಹೆಂಡತಿಯನ್ನು ಯಾರೂ ಕೇಳಲಿಲ್ಲ. ಒಪ್ಪಿಗೆ ಬಂದಾಗ ಬೆಳಗಿನ ಐದು ಗಂಟೆ. ಏಳು ಗಂಟೆಗಳ ಕಾಲ ಸೋತ ಉಸಿರು ಸೋಲುತ್ತಲೇ ಇತ್ತು. ಮೂರನೆಯ ದಿನ ಅವರು ತೀರಿಕೊಂಡರು. ಊರಿನಲ್ಲಿ ಇಂದಿಗೂ "ವೆಂಟಿಲೇಟರು ಹಾಕಿದರು, ಸತ್ತ" ಎಂದೇ ಹೇಳುತ್ತಾರೆ. ಆ ಏಳು ಗಂಟೆಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಭಯವು ತನ್ನ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಳ್ಳುವ ಬಗೆ ಇದು: ತಡವಾಗಿ ಹಾಕುವುದರಿಂದ ಸಾವು, ಆ ಸಾವಿನಿಂದ ಇನ್ನಷ್ಟು ಭಯ, ಆ ಭಯದಿಂದ ಮತ್ತಷ್ಟು ತಡ.

ಭಯಕ್ಕೆ ಕಾರಣಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. 2011ರ ಡಿಸೆಂಬರ್ 9ರಂದು ನಮ್ಮ ನೆರೆಯ ಢಾಕುರಿಯಾದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು, ಎದ್ದು ಓಡಲಾರದ ರೋಗಿಗಳು ಹೊಗೆಯಿಂದ ಉಸಿರುಕಟ್ಟಿ ಸತ್ತರು; ಸತ್ತವರು ಸುಮಾರು 90 ಮಂದಿ. ಈ ಭಾಗದ ಜನ ಅದನ್ನು ಮರೆತಿಲ್ಲ. ಬಿಲ್ಲಿನ ಭಯವೂ ಸುಳ್ಳಲ್ಲ. ತೀವ್ರನಿಗಾ ವಿಭಾಗದ ಒಂದು ವಾರವು ಅಡಿಗೆಯವನ ಹಲವು ವರ್ಷದ ಉಳಿತಾಯವನ್ನು ನುಂಗಬಲ್ಲುದು. "ದುಡ್ಡಿಗಾಗಿ ಹಾಕುತ್ತಾರೆ" ಎಂಬ ಅನುಮಾನ ಹುಟ್ಟುವುದು ಅಲ್ಲಿ. ಅದಕ್ಕೆ ಪರಿಹಾರವಾಗಿ ಚಿಕಿತ್ಸೆಯನ್ನು ನಿರಾಕರಿಸುವುದು ಮೂಗಿನ ಮೇಲಿನ ಸಿಟ್ಟಿಗೆ ಮೂಗು ಕೊಯ್ದುಕೊಂಡಂತೆ. ಪಶ್ಚಿಮ ಬಂಗಾಳವು 2017ರಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಮತ್ತು ಪಾರದರ್ಶಕತೆಗಾಗಿ ಕಾನೂನು ಮಾಡಿ, ದೂರು ವಿಚಾರಿಸುವ ಆಯೋಗವನ್ನು ರಚಿಸಿತು. ಲೆಕ್ಕ ಕೇಳುವುದು ಹಕ್ಕು. ಉಸಿರಿನ ವೇಳೆಯಲ್ಲಿ ಉಸಿರು ಉಳಿಸಿಕೊಂಡು, ಲೆಕ್ಕದ ವೇಳೆಯಲ್ಲಿ ಲೆಕ್ಕ ಕೇಳಬೇಕು.

ಯಂತ್ರಭಕ್ತಿಯವರಿಗೂ ಒಂದು ಮಾತು ಸಲ್ಲಬೇಕು. 2020ರಲ್ಲಿ ನಮ್ಮ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ತೆಗೆದುಕೊಂಡು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 30,000 ವೆಂಟಿಲೇಟರುಗಳ ನಿರ್ಮಾಣಕ್ಕೆ ಕೈಹಾಕಿತು. ಕನ್ನಡ ನಾಡಿಗೆ ಅದು ಹೆಮ್ಮೆಯ ವಿಷಯ. ಆದರೆ ಮರುವರ್ಷವೇ, 2021ರ ಮೇ 2 ಮತ್ತು 3ರ ನಡುವೆ, ಅದೇ ನಾಡಿನ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ರೋಗಿಗಳು ಅಸುನೀಗಿದರು. ಯಂತ್ರವೊಂದೇ ಉಸಿರು ಕೊಡಲಾರದು. ಅದರ ಹಿಂದೆ ಆಮ್ಲಜನಕವಿರಬೇಕು, ಮಗ್ಗುಲಲ್ಲಿ ಮನುಷ್ಯನಿರಬೇಕು. ಮಾಸ್ಕಿನ ಚಿಕಿತ್ಸೆಯಂತೂ ಯಂತ್ರಕ್ಕಿಂತ ಹೆಚ್ಚಾಗಿ ದಾದಿಯ ಕೈಗುಣ. ಮಾಸ್ಕು ಸೋರುತ್ತಿದೆಯೇ, ಮೂಗಿನ ಮೇಲೆ ಹುಣ್ಣಾಗುತ್ತಿದೆಯೇ, ರೋಗಿ ಹೆದರಿ ಕಿತ್ತೊಗೆಯುತ್ತಿದ್ದಾನೆಯೇ ಎಂದು ನೋಡುವವರಿಲ್ಲದಿದ್ದರೆ ಅದು ಬರಿಯ ಪ್ಲಾಸ್ಟಿಕ್ಕು. ಮೊದಲ ಅರ್ಧ ಗಂಟೆ ರೋಗಿಗೆ ಅದು ಉಸಿರು ಕಟ್ಟಿಸಿದಂತೆಯೇ ಅನ್ನಿಸುತ್ತದೆ. ಆಗ ಅವನ ಕೈಹಿಡಿದು ಕನ್ನಡದಲ್ಲಿ ಎರಡು ಸಮಾಧಾನದ ಮಾತು ಹೇಳುವವನಿದ್ದರೆ ಆ ಸೇವೆಯೂ ಚಿಕಿತ್ಸೆಯ ಭಾಗವೇ.

ಆದುದರಿಂದ ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ವೈದ್ಯರನ್ನು ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಂದು: ಏ.ಬಿ.ಜಿ. ಆಯಿತೇ, ಇಂಗಾಲಾಮ್ಲ ಏರಿದೆಯೇ? ಎರಡು: ಇವರಿಗೆ ಮಾಸ್ಕು ತಕ್ಕುದೇ, ಅಲ್ಲದಿದ್ದರೆ ಕಾರಣವೇನು? ಮೂರು: ಮಾಸ್ಕು ಹಾಕಿದರೆ ಮತ್ತೆ ಯಾವ ಹೊತ್ತಿಗೆ ಪರೀಕ್ಷಿಸುತ್ತೀರಿ, ಸಾಲದೆಂದು ಹೇಗೆ ತಿಳಿಯುತ್ತೀರಿ? ನಾಲ್ಕು: ಕೊಳವೆ ಬೇಕಾದರೆ ಇಲ್ಲಿ ಅದರ ಏರ್ಪಾಡಿದೆಯೇ, ಇಲ್ಲದಿದ್ದರೆ ಈಗಲೇ ಎಲ್ಲಿಗೆ ಕಳುಹಿಸುತ್ತೀರಿ? ನಾಲ್ಕನೆಯದು ಚಿಕ್ಕ ನರ್ಸಿಂಗ್ ಹೋಮುಗಳಲ್ಲಿ ಬಹು ಮುಖ್ಯ. ಟಾಲಿಗಂಜಿನ ಎಂ. ಆರ್. ಬಾಂಗುರ್ ಆಸ್ಪತ್ರೆ, ಎಸ್.ಎಸ್.ಕೆ.ಎಂ. ಮೊದಲಾದ ಸರಕಾರಿ ಆಸ್ಪತ್ರೆಗಳ ಹೆಸರು ನಮ್ಮವರಿಗೆ ತಿಳಿದೇ ಇದೆ. ರೋಗಿ ಇನ್ನೂ ಗಟ್ಟಿಯಿರುವಾಗ ಸಾಗಿಸುವುದು ಸುಲಭ, ಸೋತ ಮೇಲೆ ದುಸ್ತರ.

ಇನ್ನೊಂದು ಸೂಕ್ಷ್ಮ ವಿಷಯ. ಬಹು ವೃದ್ಧರು, ಶ್ವಾಸಕೋಶ ಪೂರ್ತಿ ಸವೆದವರು, "ನನಗೆ ಕೊಳವೆ ಬೇಡ, ಮಾಸ್ಕಿನವರೆಗೆ ಸಾಕು" ಎಂದು ಪ್ರಜ್ಞಾಪೂರ್ವಕವಾಗಿ ಹೇಳಿದರೆ ಅದು ಹೇಡಿತನವಲ್ಲ; ವೈದ್ಯರೂ ಅದನ್ನು ಒಪ್ಪುವುದುಂಟು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು; ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಆದರೆ ಆ ಮಾತನ್ನು ರೋಗಿ ತಾನೇ, ಮುಂಚಿತವಾಗಿ, ಮನೆಯವರ ಮುಂದೆ ಹೇಳಿರಬೇಕು. ನಡುರಾತ್ರಿ ದೂರವಾಣಿಯಲ್ಲಿ ಭಾವನು ಭಯದಿಂದ ಹೇಳುವ "ಬೇಡ" ಎಂಬುದು ಅದಾಗಲಾರದು.

ಇನ್ನು ಕರ್ತವ್ಯಗಳು. ಮೊದಲು ನಮ್ಮ ಜಾತಿಯವರೇ ಆದ ಹೋಟೆಲು ಯಜಮಾನರಿಗೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲುಗಳು ನೌಕರರ ರಾಜ್ಯ ವಿಮೆಗೆ ಸೇರಬೇಕೆಂದಿದೆ. 2017ರಲ್ಲಿ ಇದರ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ಜೋಕಾದಲ್ಲಿಯೂ ಮಾಣಿಕತಲ್ಲಾದಲ್ಲಿಯೂ ಈ ವಿಮೆಯ ಆಸ್ಪತ್ರೆಗಳಿವೆ. ಹುಡುಗರ ಹೆಸರನ್ನು ಪಟ್ಟಿಯಿಂದ ಬಿಟ್ಟು ಕಂತು ಉಳಿಸುವ ಯಜಮಾನರು ಉಳಿಸುವುದು ಕೆಲವು ನೂರು ರೂಪಾಯಿ. ಕಳೆಯುವುದು ಇಪ್ಪತ್ತು ವರ್ಷ ಕಾವಲಿ ಕಾಯ್ದ ಒಬ್ಬ ಮನುಷ್ಯನನ್ನು. ಒಲೆಯ ಮೇಲೆ ಹೊಗೆ ಎಳೆಯುವ ಪಂಖವನ್ನು ಹಾಕಿಸುವುದೂ, ಇದ್ದುದಕ್ಕೆ ಹಿಡಿದ ಜಿಡ್ಡನ್ನು ತೆಗೆಸುವುದೂ ಗಿರಾಕಿಯ ಕುರ್ಚಿಗೆ ಬಣ್ಣ ಬಳಿಸುವುದಕ್ಕಿಂತ ಮೊದಲಿನ ಖರ್ಚಾಗಬೇಕು.

ಕಾರ್ಮಿಕ ಬಾಂಧವರಿಗೆ ಹೇಳುವುದು: ಬೀಡಿ ಬಿಡಿ. ಇನ್‌ಹೇಲರು ಚಟವಾಗುವುದೆಂಬ ಮಾತಿಗೆ ಕಿವಿಗೊಡಬೇಡಿ. ವೈದ್ಯರು ಕೊಟ್ಟಿದ್ದರೆ ಉಬ್ಬಸವಿಲ್ಲದ ದಿನವೂ ತಪ್ಪಿಸಬೇಡಿ. ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆಯ ವಿಚಾರವನ್ನು ವೈದ್ಯರಲ್ಲಿ ಕೇಳಿ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದು ಪೆಟ್ಟಿಗೆಯಲ್ಲಿಯೂ ಯಜಮಾನರ ಗಲ್ಲಾದಲ್ಲಿಯೂ ಇಡಿ: ಹಳೆಯ ರೋಗ ಮತ್ತು ಔಷಧಗಳು, ನಿಮ್ಮ ಪರವಾಗಿ ನಿರ್ಧಾರ ಹೇಳತಕ್ಕ ಒಬ್ಬರ ಹೆಸರು ಮತ್ತು ದೂರವಾಣಿ, ಅವರಿಗೆ ನೀವು ಮೊದಲೇ ಹೇಳಿಟ್ಟಿರುವ ಇಚ್ಛೆ. ಒಬ್ಬರ ಹೆಸರು ಮಾತ್ರ. ಅಣ್ಣ ಭಾವಂದಿರ ಪಂಚಾಯಿತಿ ಬೇಡ. ಇಂಗ್ಲಿಷು ಬಂಗಾಳಿಗಳೆರಡನ್ನೂ ಬಲ್ಲ ಗುಮಾಸ್ತ ಮಿತ್ರರು ಈ ನಗರದ ನಮ್ಮವರಲ್ಲಿ ಬೇಕಾದಷ್ಟಿದ್ದಾರೆ. ರಾತ್ರಿ ಕರೆದರೆ ಆಸ್ಪತ್ರೆಗೆ ಬರಬಲ್ಲ ಹತ್ತು ಮಂದಿಯ ಪಟ್ಟಿಯೊಂದು ಸಿದ್ಧವಾದರೆ, ಅದನ್ನು ಪ್ರತಿ ವಾರ ಈ ಪತ್ರಿಕೆಯಲ್ಲಿ ಉಚಿತವಾಗಿ ಪ್ರಕಟಿಸುವ ಭಾರ ನಮ್ಮದು. ನಾಟಕಕ್ಕೂ ರಾಜ್ಯೋತ್ಸವಕ್ಕೂ ಚಂದಾ ಎತ್ತುವ ನಮ್ಮ ಸಂಘಗಳು ಇಂತಹ ರಾತ್ರಿಯ ಮೊದಲ ಠೇವಣಿಗಾಗಿ ಒಂದು ಸಣ್ಣ ನಿಧಿಯನ್ನೂ ಕೂಡಿಡಲಿ.

ಮಾಸ್ಕಾಗಲಿ ಕೊಳವೆಯಾಗಲಿ ರೋಗವನ್ನು ಗುಣಪಡಿಸುವುದಿಲ್ಲ. ಔಷಧವು ಕೆಲಸ ಮಾಡುವವರೆಗೆ, ಬಳಲಿದ ದೇಹವು ಚೇತರಿಸುವವರೆಗೆ, ಅವು ಹೊತ್ತನ್ನು ಕೊಂಡುಕೊಡುತ್ತವೆ. ಮನೆಯವರೂ ಮಿತ್ರರೂ ಮಾಡಬೇಕಾದುದು ಆ ಹೊತ್ತನ್ನು ಕಳೆಯದಿರುವುದು. ದೂರದ ಊರಿನಿಂದ ಬಂದು ಇತರರ ಹಸಿವನ್ನು ಹೊತ್ತಿಗೆ ಸರಿಯಾಗಿ ತಣಿಸುವ ನಮ್ಮ ಜನರಿಗೆ ಹೊತ್ತಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಅದೇ ಚುರುಕನ್ನು ತಮ್ಮವನೊಬ್ಬನ ಉಸಿರಿನ ವಿಷಯದಲ್ಲಿಯೂ ತೋರಲೆಂದು ಹಾರೈಸುತ್ತೇವೆ.